ಮನೆಯ ಮೇಲೆ ಆರು ಆನೆ!



ನಮ್ಮ ಮಲೆನಾಡಿನ ಹೆಂಚಿನ ಮನೆಗಳ ಛಾವಣಿ ಇಳಿಜಾರಾಗಿರುವುದು ಏಕೆ ಎಂದು ನಿಮಗೆ ಗೊತ್ತು. ಮಳೆಯ ನೀರು ನಿಲ್ಲದೆ ಹರಿದುಹೋಗಲಿ ಎಂದು. ಆದರೆ ಆಕಾಶದಿಂದ ನೀರಿನ ಬದಲು ಹಿಮ ಬಿದ್ದರೆ? ಅದು ನೀರಿನಂತೆ ಹರಿಯುವುದಿಲ್ಲ. ಬಿದ್ದಲ್ಲೇ ಪದರ ಪದರವಾಗಿ ಕೂರುತ್ತದೆ.

ಜಪಾನ್ ದೇಶದ ಪಶ್ಚಿಮ ಭಾಗದ ಜನ ಪ್ರತಿ ಚಳಿಗಾಲದಲ್ಲೂ ಸಲಿಕೆ ಹಿಡಿದು ಛಾವಣಿ ಹತ್ತುತ್ತಾರೆ. ಈ ಕೆಲಸಕ್ಕೆ ಅಲ್ಲಿ 'ಯುಕಿಯೊರೋಶಿ' ಎಂದು ಹೆಸರು. 'ಯುಕಿ' ಎಂದರೆ ಹಿಮ, 'ಒರೋಶಿ' ಎಂದರೆ ಕೆಳಗಿಳಿಸುವುದು. ಹತ್ತಿಯಂತೆ ಹಗುರವಾಗಿ ಬೀಳುವ ಹಿಮವನ್ನು ಕಷ್ಟಪಟ್ಟು ಇಳಿಸುವುದೇಕೆ? ತಿಳಿಯೋಣ ಬನ್ನಿ.

ಅಷ್ಟು ಹಿಮ ಎಲ್ಲಿಂದ?

ಚಳಿಗಾಲದಲ್ಲಿ ಸೈಬೀರಿಯಾದಿಂದ ಒಣ, ತಣ್ಣನೆಯ ಗಾಳಿ ಬೀಸುತ್ತದೆ. ಜಪಾನ್ ಸಮುದ್ರದ ನೀರು ಈ ಗಾಳಿಗಿಂತ ಬೆಚ್ಚಗಿರುತ್ತದೆ. ಆದ್ದರಿಂದ ಗಾಳಿ ಅಲ್ಲಿ ನೀರಾವಿಯನ್ನು ತುಂಬಿಕೊಳ್ಳುತ್ತದೆ. ಮುಂದೆ ಪರ್ವತಗಳು ಅಡ್ಡ ಬಂದಾಗ ಮೇಲೇರಿ, ತಣಿದು, ಹಿಮ ಸುರಿಸುತ್ತದೆ. ಅರಬ್ಬೀ ಸಮುದ್ರದ ಮಾರುತ ಪಶ್ಚಿಮ ಘಟ್ಟವನ್ನೇರಿ ಆಗುಂಬೆಯಲ್ಲಿ ಮಳೆ ಸುರಿಸುವುದೂ ಹೀಗೆಯೇ ಅಲ್ಲವೇ? ನೀಗಾಟಾ, ಯಮಗಾಟಾ ಪ್ರಾಂತ್ಯಗಳ ಹಲವು ಬೆಟ್ಟದ ಊರುಗಳಲ್ಲಿ ಹಿಮ ಎರಡು ಮೀಟರಿಗೂ ಎತ್ತರ ಬೆಳೆಯುತ್ತದೆ.

ತೂಕದ ಲೆಕ್ಕ

ಆಗ ತಾನೇ ಬಿದ್ದ ಹಿಮದಲ್ಲಿ ಬಹುಪಾಲು ಗಾಳಿಯೇ ಇರುತ್ತದೆ. ಅಂಥ 1 ಘನ ಮೀಟರ್ ಹಿಮ ಸುಮಾರು 50ರಿಂದ 100 ಕಿ.ಗ್ರಾಂ. ತೂಗುತ್ತದೆ. ದಿನ ಕಳೆದಂತೆ ಮೇಲಿನ ಪದರಗಳ ಭಾರಕ್ಕೆ ಕೆಳಗಿನ ಹಿಮ ಅಡಕವಾಗಿ, ಗಾಳಿ ಹೊರಹೋಗುತ್ತದೆ. ಆಗ ಅದೇ 1 ಘನ ಮೀಟರ್ ಹಿಮದ ತೂಕ ಸುಮಾರು 300 ಕಿ.ಗ್ರಾಂ.!

ಈಗ 10 ಮೀಟರ್ ಉದ್ದ, 8 ಮೀಟರ್ ಅಗಲದ ಸಮತಟ್ಟಾದ ಛಾವಣಿಯೊಂದನ್ನು ಊಹಿಸಿಕೊಳ್ಳಿ. ಅದರ ಮೇಲೆ 1 ಮೀಟರ್ ಅಡಕವಾದ ಹಿಮವಿದೆ.

10 × 8 × 1 = 80 ಘನ ಮೀಟರ್
80 × 300 = 24,000 ಕಿ.ಗ್ರಾಂ.

ಅಂದರೆ 24 ಟನ್. ತಲಾ 4 ಟನ್ ತೂಗುವ ಆರು ಆನೆಗಳು ಮನೆಯ ಮೇಲೆ ನಿಂತಂತೆ!

ಇಲ್ಲಿ ಒಂದು ಮಾತು ನೆನಪಿಡಿ. ಎತ್ತರ ನೋಡಿ ಹಿಮದ ಭಾರ ಹೇಳಲಾಗದು. ಅರ್ಧ ಮೀಟರ್ ಹಳೆಯ ಹಿಮ ಒಂದು ಮೀಟರ್ ಹೊಸ ಹಿಮಕ್ಕಿಂತ ಭಾರವಾಗಿರಬಹುದು. ಹಿಮದ ಮೇಲೆ ಮಳೆ ಬಿದ್ದರಂತೂ ಅದು ಸ್ಪಂಜಿನಂತೆ ನೀರು ಹೀರಿಕೊಳ್ಳುತ್ತದೆ. ಎತ್ತರ ಹೆಚ್ಚದಿದ್ದರೂ ತೂಕ ಏರುತ್ತದೆ.

ಇದು ಬರೀ ಲೆಕ್ಕವಲ್ಲ. 2006ರ ಜನವರಿ 28ರಂದು ಯುರೋಪಿನ ಪೋಲೆಂಡ್ ದೇಶದ ಕಟೋವಿತ್ಸೆಯಲ್ಲಿ ವಸ್ತುಪ್ರದರ್ಶನ ನಡೆಯುತ್ತಿದ್ದ ದೊಡ್ಡ ಭವನದ ಛಾವಣಿ ಕುಸಿದು 65 ಜನ ಸತ್ತರು. ಕಟ್ಟಡದ ವಿನ್ಯಾಸದಲ್ಲಿ ದೋಷವಿತ್ತು. ಅದರ ಜೊತೆಗೆ ಛಾವಣಿಯ ಮೇಲೆ ಹಿಮ ಮತ್ತು ಮಂಜುಗಡ್ಡೆಯ ಭಾರವೂ ಸೇರಿತ್ತು.

ಸೋರುವ ಛಾವಣಿ

ಕುಸಿಯದ ಮನೆಗೂ ಹಾನಿ ತಪ್ಪಿದ್ದಲ್ಲ. ಒಳಗಿನ ಬೆಂಕಿಯ ಶಾಖ ಛಾವಣಿಗೆ ತಾಗಿ, ಹಿಮದ ಕೆಳಪದರ ಕರಗುತ್ತದೆ. ಆ ನೀರು ತಣ್ಣಗಿರುವ ಸೂರಿನ ಅಂಚಿಗೆ ಹರಿದು ಮತ್ತೆ ಹೆಪ್ಪುಗಟ್ಟುತ್ತದೆ. ಅದೇ ಒಂದು ಕಟ್ಟೆಯಾಗುತ್ತದೆ. ಹಿಂದೆ ನಿಂತ ನೀರು ಸಂದುಗಳಲ್ಲಿ ಇಳಿದು ಮನೆಯೊಳಗೆ ಸೋರುತ್ತದೆ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ ಸಂದುಗಳು ಇನ್ನಷ್ಟು ಬಿರಿಯುತ್ತವೆ.

ಇಳಿಸುವುದು ಹೇಗೆ?

ಹೆಗಲ ಮೇಲಿನ ಅಡ್ಡೆಯಲ್ಲಿ ಎರಡು ಕೊಡಗಳಿದ್ದಾಗ ಒಂದನ್ನಷ್ಟೇ ತೆಗೆದರೆ ಏನಾಗುತ್ತದೆ? ಅಡ್ಡೆ ವಾಲುತ್ತದೆ. ಹಾಗೆಯೇ ಛಾವಣಿಯ ಎರಡೂ ಕಡೆಯ ಹಿಮವನ್ನು ಸಮವಾಗಿ, ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಸಲಿಕೆ ತಗುಲಿ ಛಾವಣಿ ಒಡೆಯದಂತೆ ತೆಳುವಾದ ಒಂದು ಪದರವನ್ನು ಬಿಡಬೇಕು. ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಬೇಕು, ತಲೆಗೆ ಶಿರಸ್ತ್ರಾಣ ಹಾಕಬೇಕು. ಒಬ್ಬರೇ ಹತ್ತಲೇಬಾರದು.

ಏಕೆಂದರೆ ಮನೆ ಉಳಿಸುವ ಈ ಕೆಲಸವೇ ಜೀವಕ್ಕೆ ಅಪಾಯ ತರಬಲ್ಲದು. 2005-06ರ ಚಳಿಗಾಲದಲ್ಲಿ ಜಪಾನಿನಲ್ಲಿ ಹಿಮದಿಂದಾಗಿ 150ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಹಿಮ ತೆಗೆಯುವಾಗ ಸತ್ತವರು, ಬಹಳಷ್ಟು ಮಂದಿ ವೃದ್ಧರು. ಹಳ್ಳಿಯ ಯುವಕರು ಪಟ್ಟಣ ಸೇರಿದ್ದರಿಂದ ಅಜ್ಜ ಅಜ್ಜಿಯರೇ ಛಾವಣಿ ಹತ್ತಬೇಕಾಗಿ ಬಂದಿದೆ. ಇಂಥವರಿಗೆ ನೆರವಾಗಲು ಬೇರೆ ಊರುಗಳಿಂದ ಸ್ವಯಂಸೇವಕರು ಬರುವುದುಂಟು.

ಕೈಮುಗಿದ ಮನೆಗಳು

ಜಪಾನಿನ ಶಿರಕಾವಾಗೋ ಎಂಬ ಹಳ್ಳಿಯ ಹಿರಿಯರು ಹಿಮದ ಭಾರ ತಡೆಯಲು ಬೇರೆ ಉಪಾಯ ಮಾಡಿದ್ದರು. ಅಲ್ಲಿನ ಹಳೆಯ ಮನೆಗಳ ಹುಲ್ಲಿನ ಛಾವಣಿ ಸುಮಾರು 60 ಡಿಗ್ರಿಯಷ್ಟು ಕಡಿದಾಗಿದೆ. ನೋಡಲು ನಮಸ್ಕಾರಕ್ಕೆ ಜೋಡಿಸಿದ ಕೈಗಳಂತಿದೆ. ಕಡಿದಾದ ಇಳಿಜಾರಿನಲ್ಲಿ ಹಿಮ ಹೆಚ್ಚು ನಿಲ್ಲದೆ ಜಾರುತ್ತದೆ. ಯುನೆಸ್ಕೋ 1995ರಲ್ಲಿ ಈ ಹಳ್ಳಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮಾಡಿ ನೋಡಿ

1. ಒಂದು ಲೋಟದಲ್ಲಿ ಹಿಂಜಿದ ಹತ್ತಿಯನ್ನು ಸಡಿಲವಾಗಿ ತುಂಬಿ ತೂಗಿ. ಅದೇ ಲೋಟಕ್ಕೆ ಒತ್ತಿ ಒತ್ತಿ ಇನ್ನಷ್ಟು ಹತ್ತಿ ತುಂಬಿ ತೂಗಿ. ಕೊನೆಗೆ ನೀರು ಸುರಿದು ತೂಗಿ. ಮೂರು ತೂಕಗಳನ್ನೂ ಬರೆದಿಡಿ. ಲೋಟ ಅದೇ; ತೂಕ ಬದಲಾದದ್ದೇಕೆ?

2. ನಿಮ್ಮ ತರಗತಿ ಕೋಣೆಯ ಉದ್ದ, ಅಗಲ ಅಳೆಯಿರಿ. ಅದರ ಛಾವಣಿಯ ಮೇಲೆ ಅರ್ಧ ಮೀಟರ್ ಅಡಕವಾದ ಹಿಮ ಬಿದ್ದಿದ್ದರೆ ಎಷ್ಟು ಆನೆಗಳ ಭಾರವಾಗುತ್ತಿತ್ತು? ಲೆಕ್ಕ ಮಾಡಿ ಗುರುಗಳಿಗೆ ತೋರಿಸಿ.