‘ಮಕ್ಕಳಲ್ಲವೇ, ಬೇಗ ಹೊಂದಿಕೊಳ್ಳುತ್ತಾರೆ’

ನಿರಾಶ್ರಿತ ಮಕ್ಕಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೇಳುವ ಸಮಾಧಾನ ಇದು. ನೆನಪಿನ ಭಾರವೆಲ್ಲ ದೊಡ್ಡವರಿಗೆ, ಮಕ್ಕಳು ಆಡುತ್ತ ಆಡುತ್ತ ಎಲ್ಲವನ್ನೂ ಮರೆಯುತ್ತಾರೆ, ಮರೆತಷ್ಟೂ ಹೊಸ ನೆಲಕ್ಕೆ ಬೇಗ ಒಗ್ಗುತ್ತಾರೆ ಎಂಬ ಲೆಕ್ಕಾಚಾರ. ಟಿಬೆಟಿನಿಂದ ಬಂದ ಮಕ್ಕಳ ಅರವತ್ತು ವರ್ಷಕ್ಕೂ ಮೀರಿದ ಅನುಭವ ಬೈಲಕುಪ್ಪೆ, ಮುಂಡಗೋಡಗಳಲ್ಲಿ ನಮ್ಮ ಕಣ್ಣೆದುರೇ ಇದೆ. ಅದನ್ನು ಕೇಳಿದರೆ ಈ ಲೆಕ್ಕ ತಾಳೆಯಾಗುವುದಿಲ್ಲ.

1959ರ ಮಾರ್ಚ್‌ನಲ್ಲಿ ದಲೈಲಾಮಾ ಲ್ಹಾಸಾ ಬಿಟ್ಟ ಮೇಲೆ ಸುಮಾರು 80,000 ಜನ ಅವರ ಹಿಂದೆಯೇ ಗಡಿ ದಾಟಿದರು. ಅನೇಕ ತಂದೆತಾಯಿಯರಿಗೆ ಇಲ್ಲಿ ಸಿಕ್ಕ ಮೊದಲ ಕೆಲಸ ಹಿಮಾಲಯದ ಸೆರಗಿನಲ್ಲಿ ರಸ್ತೆ ಕಡಿಯುವುದು. ಮಕ್ಕಳು ಅಲ್ಲೇ ಡೇರೆಗಳಲ್ಲಿ. ತಣ್ಣನೆಯ ಎತ್ತರದ ಬಯಲಲ್ಲಿ ಬೆಳೆದ ಮೈಗೆ ಕೆಳಗಿನ ಸೆಕೆಯೂ ಹೊಸದು, ರೋಗಗಳೂ ಹೊಸವು. 1960ರ ಮೇ ತಿಂಗಳಲ್ಲಿ ಜಮ್ಮುವಿನ ರಸ್ತೆ ಕ್ಯಾಂಪುಗಳಿಂದ 51 ಮಕ್ಕಳು ಧರ್ಮಶಾಲೆಗೆ ಬಂದಾಗ ಕಾಯಿಲೆಯಿಂದಲೂ ಹಸಿವಿನಿಂದಲೂ ಸೊರಗಿಹೋಗಿದ್ದರು. ದಲೈಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ಈ ಮಕ್ಕಳ ಆರೈಕೆಗೆ ನಿಂತರು. ಆ ಮಕ್ಕಳ ಮನೆಯೇ ಮುಂದೆ ಟಿಬೆಟನ್ ಮಕ್ಕಳ ಗ್ರಾಮವಾಗಿ ಬೆಳೆಯಿತು. ಹೊಂದಿಕೊಳ್ಳುವ ಮಾತು ಆಮೇಲಿನದು. ಆ ಮಕ್ಕಳು ಮೊದಲು ಬದುಕಿ ಉಳಿಯಬೇಕಿತ್ತು.

‘ಅಪ್ಪ ಅಮ್ಮ ಇಲ್ಲದವರಿಗೆ ಒಳ್ಳೆಯ ಮನೆ ಸಿಕ್ಕಿತಲ್ಲ, ಸಾಕು’ ಎಂಬುದು ಇನ್ನೊಂದು ನಂಬಿಕೆ. ಇದರಲ್ಲಿ ಎರಡು ತಪ್ಪುಗಳಿವೆ. ಒಂಟಿಯಾಗಿ ಬಂದ ಮಗು ಅನಾಥ ಮಗುವೇ ಆಗಿರಬೇಕೆಂದಿಲ್ಲ. 1980ರ ದಶಕದಿಂದ 2008ರವರೆಗೂ ಟಿಬೆಟಿನ ಎಷ್ಟೋ ತಂದೆತಾಯಿಗಳು ತಮ್ಮ ಮಕ್ಕಳನ್ನು ದಾರಿ ಬಲ್ಲವರ ಜೊತೆ ಹಿಮದ ಕಣಿವೆಗಳ ಮೂಲಕ ನೇಪಾಳಕ್ಕೂ ಅಲ್ಲಿಂದ ಭಾರತಕ್ಕೂ ಕಳಿಸಿದರು. ತಮ್ಮ ಭಾಷೆಯಲ್ಲಿ ಓದಲಿ, ತಮ್ಮ ಧರ್ಮ ಕಲಿಯಲಿ ಎಂಬುದೇ ಆಸೆ. ಕೆಲವು ಮಕ್ಕಳ ಕಾಲ್ಬೆರಳುಗಳನ್ನು ಹಿಮ ಕಚ್ಚಿಹಾಕಿತ್ತು. ಹೆತ್ತವರು ಬದುಕಿದ್ದರೂ ಅವರ ಬಳಿಗೆ ಮರಳಿ ಹೋಗಲಾಗದು. ಇಂಥ ಅಗಲಿಕೆಗೆ ಸಾವಿಗಿರುವಂತೆ ಒಂದು ಕೊನೆಯೂ ಇಲ್ಲ. ಹಾಸ್ಟೆಲಿನಲ್ಲಿ ಊಟ, ಬಟ್ಟೆ, ಪಾಠ ಎಲ್ಲವೂ ಸರಿಯಾಗಿ ಸಿಗುವ ಮಗು ಒಳಗೊಳಗೇ ಕಾಯುತ್ತಿರಬಹುದು ಎಂಬುದನ್ನು ನಾವು ಸುಲಭವಾಗಿ ಮರೆಯುತ್ತೇವೆ.

ಒಳ್ಳೆಯ ಮನೆಯೊಂದಿದ್ದರೆ ಸಾಕು ಎಂಬ ಎರಡನೆಯ ತಪ್ಪಿಗೆ ಸ್ವಿಟ್ಜರ್ಲೆಂಡ್ ಸಾಕ್ಷಿ. 1960ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ಉದ್ಯಮಿಯೊಬ್ಬರ ಮುತುವರ್ಜಿಯಿಂದ 150ಕ್ಕೂ ಹೆಚ್ಚು ಟಿಬೆಟನ್ ಮಕ್ಕಳನ್ನು ಸ್ವಿಸ್ ಕುಟುಂಬಗಳಿಗೆ ಒಪ್ಪಿಸಲಾಯಿತು. ಅನೇಕ ಮಕ್ಕಳ ಹೆತ್ತವರು ಬದುಕಿದ್ದರು. ಸಾಕಿದವರ ಒಳ್ಳೆಯತನವನ್ನು ಅನುಮಾನಿಸಬೇಕಿಲ್ಲ. ಆದರೆ ಒಂದೊಂದು ಮನೆಗೆ ಒಂದೊಂದು ಮಗು ಎಂದು ಹಂಚಿಹೋದ ಮೇಲೆ ತಮ್ಮ ಭಾಷೆ ಆಡಲು ಅವರಿಗೆ ಜೊತೆಯೇ ಉಳಿಯಲಿಲ್ಲ. ಮುಂದೆ ಹೆತ್ತ ತಾಯಿಯನ್ನು ಕಂಡಾಗ ನೇರವಾಗಿ ಮಾತಾಡಲಾಗದೆ ನಿಂತವರೂ ಇದ್ದಾರೆ. ಹೊಂದಿಕೊಂಡ ಮಗುವೆಂದು ಎಲ್ಲರೂ ಮೆಚ್ಚಿದ್ದರು. ಅದರ ಬೆಲೆ ಗೊತ್ತಾದದ್ದು ದಶಕಗಳ ನಂತರ.

ಇಲ್ಲಿಯೇ ಬರುತ್ತದೆ ಎಲ್ಲಕ್ಕಿಂತ ಗಟ್ಟಿಯಾದ ತಪ್ಪು ಕಲ್ಪನೆ: ‘ಮನೆಮಾತು ಬಿಡಿಸಿದರೆ ಹೊಸ ಭಾಷೆ ಬೇಗ ಬರುತ್ತದೆ.’ ಶಿಕ್ಷಕರೂ ಇದನ್ನು ನಂಬುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ವಲಸೆ ಮಕ್ಕಳ ಕಲಿಕೆಯನ್ನು ಪರಿಶೀಲಿಸಿ ಹೇಳಿದ್ದು ಹೀಗೆ: ಆಟದ ಬಯಲಿನ ಮಾತು ಎರಡು ವರ್ಷದೊಳಗೆ ಬರುತ್ತದೆ, ಆದರೆ ಪಠ್ಯದ ಭಾಷೆಯಲ್ಲಿ ಸಹಪಾಠಿಗಳ ಸರಿಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಮಗು ಅರಳು ಹುರಿದಂತೆ ಮಾತಾಡುವುದನ್ನು ಕೇಳಿ ಭಾಷೆ ಬಂತೆಂದುಕೊಳ್ಳುತ್ತೇವೆ. ವಿಜ್ಞಾನದ ಪಾಠದಲ್ಲಿ ಅದು ತಡವರಿಸಿದರೆ ಬುದ್ಧಿ ಕಮ್ಮಿ ಎಂದುಬಿಡುತ್ತೇವೆ. ತನ್ನ ಭಾಷೆಯಲ್ಲಿ ಚೆನ್ನಾಗಿ ಓದಲು ಕಲಿತ ಮಗುವಿಗೆ ಎರಡನೆಯ ಭಾಷೆಯ ಓದು ಸುಲಭವಾಗುತ್ತದೆ, ಏಕೆಂದರೆ ಓದಿ ಅರ್ಥಮಾಡಿಕೊಳ್ಳುವ ಶಕ್ತಿಯನ್ನು ಮತ್ತೆ ಮೊದಲಿನಿಂದ ಕಲಿಯಬೇಕಿಲ್ಲ.

ಮನೆಮಾತು ಬಿಡದ ಇಂಥ ಕಲಿಕೆಗೆ ನೆಹರೂ ದಾರಿ ಮಾಡಿಕೊಟ್ಟರು. ಟಿಬೆಟನ್ ಮಕ್ಕಳಿಗೆ ಪ್ರತ್ಯೇಕ ಶಾಲೆಗಳಿರಲಿ, ಆಧುನಿಕ ಶಿಕ್ಷಣದ ಜೊತೆ ಅವರ ಭಾಷೆ, ಸಂಸ್ಕೃತಿಯೂ ಇರಲಿ ಎಂದು ಒಪ್ಪಿದರು. 1961ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿ ಅದಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. ಅಲ್ಲಿ ಓದಿದವರು ದಾದಿಯರಾಗಿ, ಶಿಕ್ಷಕರಾಗಿ, ಎಂಜಿನಿಯರುಗಳಾಗಿ ಹೊರಬಂದಿದ್ದಾರೆ, ಮನೆಮಾತನ್ನೂ ಉಳಿಸಿಕೊಂಡಿದ್ದಾರೆ. ನಮ್ಮ ದೇಶ ಮಾಡಿದ ಈ ಒಳ್ಳೆಯ ಕೆಲಸವನ್ನು ನಾವು ನೆನೆಯುವುದೇ ಅಪರೂಪ.

ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿ ಬಂದವರು ‘ಅಲ್ಲಿ ಮಕ್ಕಳೆಲ್ಲ ಸನ್ಯಾಸಿಗಳೇ’ ಎನ್ನುತ್ತಾರೆ. ಮಠದಿಂದ ಸ್ವಲ್ಪ ಆಚೆ ಕ್ಯಾಂಪುಗಳಿಗೆ ಹೋದರೆ ಮುಸುಕಿನ ಜೋಳದ ಹೊಲ, ಶಾಲಾ ಸಮವಸ್ತ್ರ, ಚಳಿಗಾಲದಲ್ಲಿ ಸ್ವೆಟರ್ ಮಾರಲು ಊರೂರಿಗೆ ಹೋದ ಅಪ್ಪ ಅಮ್ಮಂದಿರಿಗಾಗಿ ಅಜ್ಜಿಯ ಜೊತೆ ಕಾಯುವ ಮಕ್ಕಳು ಕಾಣುತ್ತಾರೆ. ‘ಸರ್ಕಾರ ಉತ್ತು ಬಿತ್ತುವ ಭೂಮಿಯನ್ನೇ ಕೊಟ್ಟಿತು’ ಎಂಬುದೂ ಸರಿಯಲ್ಲ. ಮೈಸೂರು ಸರ್ಕಾರ ಗೇಣಿಗೆ ಕೊಟ್ಟ ಸುಮಾರು 3,000 ಎಕರೆ ಕಾಡಾಗಿತ್ತು. ಮೊದಲ ತಂಡದವರು ಆನೆಗಳ ನಡುವೆ ಮರ ಕಡಿದು ಹೊಲ ಮಾಡಿದರು.

ಕೊನೆಯದಾಗಿ, ‘ಇಲ್ಲೇ ಹುಟ್ಟಿದವರು ನಮ್ಮ ದೇಶದವರೇ ಅಲ್ಲವೇ’ ಎಂಬ ಮಾತು. ಕೇಳಲು ಹಿತವಾಗಿದೆ, ಕಾನೂನು ಹಾಗೆ ಹೇಳುವುದಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆ ಎಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಬೇಕಾಯಿತು. 1987ರ ಜುಲೈ 1ರಿಂದೀಚೆಗೆ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಇಲ್ಲದಿದ್ದರೆ ವಿದೇಶಿಯರ ನೋಂದಣಿ ಪತ್ರ ಪಡೆದು ಕಾಲಕಾಲಕ್ಕೆ ನವೀಕರಿಸುತ್ತಿರಬೇಕು. ಹಾಗಾಗಿ ಬೈಲಕುಪ್ಪೆಯ ಒಂದೇ ಮನೆಯಲ್ಲಿ 1986ರಲ್ಲಿ ಹುಟ್ಟಿದ ಅಕ್ಕ ಭಾರತೀಯಳು, 1988ರಲ್ಲಿ ಹುಟ್ಟಿದ ತಮ್ಮ ವಿದೇಶಿಯಾಗಬಹುದು. ಆ ತಮ್ಮನಿಗೆ ಇಲ್ಲೇ ಹುಟ್ಟಿ ಪಕ್ಕದ ಕುಶಾಲನಗರದಲ್ಲಿ ಓದುವ ಮಗುವೂ, ತಾಯಿ ಭಾರತೀಯಳಲ್ಲದಿದ್ದರೆ, ವಿದೇಶಿಯೇ.