ಕೊಡಲಿಗೆ ಮೊದಲು ಕಾಗದ



ಮರ ನೆಡೋದು ಸುಲಭ. ಒಂದು ಗುಂಡಿ, ಒಂದು ಸಸಿ, ನಾಲ್ಕು ಬಿಂದಿಗೆ ನೀರು ಸಾಕು. ಮನೆ ಪಕ್ಕದ ದೊಡ್ಡ ಮರ ಕಡಿಸೋದು ಹಾಗಲ್ಲ. ಅದಕ್ಕೆ ಅಪ್ಪಣೆ ಬೇಕು. ಕೆಲಸ ಬಲ್ಲ ಆಳು ಬೇಕು. ಹಣ ಬೇಕು. ಎಲ್ಲಕ್ಕಿಂತ ಮೊದಲು ಮಾತು ಗಟ್ಟಿ ಆಗಬೇಕು. ಬಾಯಿಮಾತು ಗಾಳಿಗೆ ಹೋಗುತ್ತೆ. ಬರೆದ ಮಾತು ಉಳಿಯುತ್ತೆ.

ನಾವು ನಮ್ಮ ಹಿತ್ತಿಲ ಹಲಸಿನ ಮರ ಕಡಿಸಿದೆವು. ಆಗ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇವೆ. ನಿಮಗೂ ಉಪಯೋಗ ಆದೀತು.

ಕಡಿಯಲೇಬೇಕೇ?

ಮರ ನೆರಳು ಕೊಡುತ್ತೆ. ಹಣ್ಣು ಕೊಡುತ್ತೆ. ಸುಮ್ಮನೆ ಕಡಿಯಬಾರದು. ಎಷ್ಟೋ ಸಲ ಸೂರಿನ ಮೇಲೆ ಬಾಗಿದ ಕೊಂಬೆ ಸವರಿದರೆ ಸಾಕು. ಮರ ಉಳಿಯುತ್ತೆ, ಮನೆಯೂ ಉಳಿಯುತ್ತೆ.

ಆದರೆ ಕೆಲವು ಗುರುತು ಕಂಡರೆ ಎಚ್ಚರ ಆಗಬೇಕು. ಬುಡದಲ್ಲಿ ಪೊಟರೆ ಬಿದ್ದಿದೆಯೇ? ಕಾಂಡದ ಮೇಲೆ ಅಣಬೆ ಎದ್ದಿದೆಯೇ? ಮೊದಲು ನೆಟ್ಟಗಿದ್ದ ಮರ ಈಗ ವಾಲುತ್ತಿದೆಯೇ? ಬೇರಿನ ಸುತ್ತ ಮಣ್ಣು ಬಿರಿದಿದೆಯೇ? ಹೀಗಿದ್ದರೆ ಮರದ ಹಿಡಿತ ಸಡಿಲ ಆಗಿರಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು, ಮಳೆ, ಬಿರುಗಾಳಿ ಒಟ್ಟಿಗೆ ಬರುತ್ತವೆ. ಇಂಥ ಮರಗಳು ಬೀಳೋದು ಆಗಲೇ.

ನಮ್ಮ ಹಲಸಿನ ಬುಡ ಟೊಳ್ಳಾಗಿತ್ತು. ಮರ ಹೆಂಚಿನ ಮನೆ ಕಡೆಗೇ ವಾಲಿತ್ತು. ಅದರ ಕೆಳಗೇ ಮಕ್ಕಳು ಮಲಗುವ ಕೋಣೆ. ಹಾಗಾಗಿ ಕಡಿಸೋದೇ ಸರಿ ಎಂದು ತೀರ್ಮಾನ ಮಾಡಿದೆವು.

ಯಾರ ಅಪ್ಪಣೆ ಬೇಕು?

"ನಮ್ಮ ಜಾಗ, ನಮ್ಮ ಮರ. ಯಾರನ್ನು ಯಾಕೆ ಕೇಳಬೇಕು?" ಎಂದು ಹಲವರು ಹೇಳ್ತಾರೆ. ಅದು ಸರಿಯಲ್ಲ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಸ್ವಂತ ಜಾಗದ ಮರ ಕಡಿಯೋದಕ್ಕೂ ವೃಕ್ಷಾಧಿಕಾರಿಯ ಅಪ್ಪಣೆ ಬೇಕು ಎಂದು ಈ ಕಾಯ್ದೆ ಹೇಳುತ್ತೆ. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಮುಂತಾದ ಕೆಲವು ಮರಗಳಿಗೆ ವಿನಾಯಿತಿ ಇದೆ. ನಮ್ಮ ಮರಕ್ಕೆ ವಿನಾಯಿತಿ ಇದೆಯೋ ಇಲ್ಲವೋ ಎಂದು ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿಯಬೇಕು.

ಶ್ರೀಗಂಧದ ಮಾತು ಬೇರೆ. 2001ರ ತಿದ್ದುಪಡಿ ಆದ ಮೇಲೆ ನಮ್ಮ ಜಮೀನಿನ ಗಂಧದ ಮರ ನಮ್ಮದೇ. ಆದರೂ ಇಲಾಖೆಯ ಅಪ್ಪಣೆ ಇಲ್ಲದೆ ಅದನ್ನು ಕಡಿಯುವ ಹಾಗಿಲ್ಲ.

ನಾವು ಅರ್ಜಿ ಬರೆದೆವು. ಮರ ಯಾವುದು, ಎಲ್ಲಿದೆ, ಯಾಕೆ ಕಡಿಯಬೇಕು, ಇಷ್ಟೇ ಅದರಲ್ಲಿದ್ದದ್ದು. ಜಾಗ ನಮ್ಮದು ಎನ್ನುವ ಕಾಗದ ಜೊತೆಗಿಟ್ಟೆವು. ಅರ್ಜಿ ಕೊಟ್ಟದ್ದಕ್ಕೆ ಸಹಿ, ಮೊಹರು ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಂಡೆವು. ಇಲಾಖೆಯವರು ಬಂದು ಮರ ನೋಡಿದರು. ಆಮೇಲೆ ಅಪ್ಪಣೆ ಪತ್ರ ಬಂತು. ಬದಲಿಗೆ ಸಸಿ ನೆಡಬೇಕು ಎಂಬ ಷರತ್ತೂ ಅದರಲ್ಲಿತ್ತು.

ನಡುವೆ ಒಬ್ಬ ಮರ ಕುಯ್ಯುವವನು ಬಂದು, "ಪತ್ರ ಬರೋದಕ್ಕೆ ಯಾಕೆ ಕಾಯ್ತೀರಮ್ಮ? ನಾಳೆನೇ ಕಡಿದುಬಿಡೋಣ" ಎಂದ. ನಾವು ಒಪ್ಪಲಿಲ್ಲ. ಅಪ್ಪಣೆ ಇಲ್ಲದೆ ಕಡಿದರೆ ಕೇಸು ಬೀಳೋದು ಮನೆಯವರ ಮೇಲೂ ತಾನೇ?

ಪುಕ್ಕಟೆ ಕೆಲಸ ನಿಜವಾಗಿ ಪುಕ್ಕಟೆಯೇ?

ನಾವು ಮೂವರನ್ನು ಕೇಳಿದೆವು.

ಒಬ್ಬ ಹೇಳಿದ: "ನಂಗೆ ಕೂಲಿನೇ ಬೇಡಮ್ಮ. ಮರ ಎಲ್ಲ ನಂಗೆ ಕೊಟ್ಟುಬಿಡಿ."

ಇನ್ನೊಬ್ಬ ಹೇಳಿದ: "8,000 ರೂಪಾಯಿ ಕೊಡಿ. ಮರ, ಸೌದೆ ನೀವೇ ಇಟ್ಕೊಳ್ಳಿ. ಹೆಂಚು ಒಡೆದರೆ ನಾನು ಜವಾಬ್ದಾರಿ ಅಲ್ಲ."

ಮತ್ತೊಬ್ಬ ಮೇಸ್ತ್ರಿ ಹೇಳಿದ: "6,000 ರೂಪಾಯಿ. ದಿಮ್ಮಿ ನಿಮಗೆ. ರೆಂಬೆ, ಸೌದೆ ನಮಗೆ. ಹೆಂಚು ಒಡೆದರೆ ನಾವೇ ಹಾಕಿಸ್ತೀವಿ."

ಕೇಳಿದ ಕೂಡಲೇ ಯಾವುದು ಲಾಭ ಅನ್ನಿಸುತ್ತೆ? ಪುಕ್ಕಟೆ ಕೆಲಸವೇ ಅಲ್ಲವೇ? ಆದರೆ ಹಲಸು ಬೆಲೆ ಬಾಳುವ ಮರ. ಬಾಗಿಲು, ಕಿಟಕಿ, ವೀಣೆಗೆ ಬರುತ್ತೆ. ಅದರ ದಿಮ್ಮಿಗೆ ಎಷ್ಟು ಸಿಗುತ್ತೆ ಎಂದು ತಿಳಿಯದೆ ಕೊಟ್ಟುಬಿಡಬಹುದೇ? ನಾವು ಅಳೆದೆವು.

ದಿಮ್ಮಿ ಅಳೆಯೋದು ಹೇಗೆ?

ವ್ಯಾಪಾರದಲ್ಲಿ ದುಂಡು ದಿಮ್ಮಿಗೆ ಒಂದು ಲೆಕ್ಕ ಇದೆ. ದಿಮ್ಮಿಯ ನಡುಮಧ್ಯಕ್ಕೆ ದಾರ ಸುತ್ತಿ. ಆ ದಾರವನ್ನು ಟೇಪಿನಿಂದ ಅಳೆಯಿರಿ. ಅದು ಸುತ್ತಳತೆ. ಸುತ್ತಳತೆಯನ್ನು 4ರಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ. ಆಮೇಲೆ ಉದ್ದದಿಂದ ಗುಣಿಸಿ. ಎಲ್ಲವನ್ನೂ ಅಡಿಯಲ್ಲೇ ಅಳೆಯಬೇಕು. ಉತ್ತರ ಘನ ಅಡಿಯಲ್ಲಿ ಬರುತ್ತೆ.

ನಾವು ಏಣಿ ಇಟ್ಟು ಅಳೆದೆವು. ಟೊಳ್ಳಾದ ಬುಡವನ್ನು ಬಿಟ್ಟೆವು. ಗಟ್ಟಿ ಕಾಂಡದ ಉದ್ದ 10 ಅಡಿ, ಸುತ್ತಳತೆ 6 ಅಡಿ ಇತ್ತು.

6ನ್ನು 4ರಿಂದ ಭಾಗಿಸಿದರೆ ಒಂದೂವರೆ.
ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿದರೆ ಎರಡೂಕಾಲು.
ಎರಡೂಕಾಲನ್ನು 10ರಿಂದ ಗುಣಿಸಿದರೆ ಇಪ್ಪತ್ತೆರಡೂವರೆ ಘನ ಅಡಿ.

ಮರ ಕುಯ್ಯುವ ಮಿಲ್ಲಿನಲ್ಲಿ ದರ ಕೇಳಿದೆವು. ಘನ ಅಡಿಗೆ 400 ರೂಪಾಯಿ ಎಂದರು. ಹಾಗಾದರೆ ದಿಮ್ಮಿಗೆ 9,000 ರೂಪಾಯಿ ಆಯಿತು. ಈ ದರ ಊರಿಂದ ಊರಿಗೆ, ಮರದಿಂದ ಮರಕ್ಕೆ ಬೇರೆ ಇರುತ್ತೆ. ನಿಮ್ಮ ಊರಿನ ದರ ನೀವೇ ಕೇಳಬೇಕು.

ಈಗ ನೋಡಿ. ಪುಕ್ಕಟೆ ಎಂದವನಿಗೆ ಕೊಟ್ಟಿದ್ದರೆ ನಮ್ಮ ಕೈಗೆ ಏನೂ ಬರುತ್ತಿರಲಿಲ್ಲ. 8,000 ಕೇಳಿದವನಿಗೆ ಕೊಟ್ಟಿದ್ದರೆ 1,000 ರೂಪಾಯಿ, ಸೌದೆ ಉಳಿಯುತ್ತಿತ್ತು. ಹೆಂಚಿನ ಭಯವೂ ಉಳಿಯುತ್ತಿತ್ತು. 6,000 ಕೇಳಿದ ಮೇಸ್ತ್ರಿಗೆ ಕೊಟ್ಟರೆ 3,000 ರೂಪಾಯಿ ಉಳಿಯುತ್ತೆ. ಹೆಂಚಿನ ಚಿಂತೆಯೂ ಇಲ್ಲ. ನಾವು ಆ ಮೇಸ್ತ್ರಿಯನ್ನೇ ಒಪ್ಪಿದೆವು.

ಕರಾರು ಬರೆದದ್ದು

ಕಾಗದ ತೆಗೆದಾಗ ಮೇಸ್ತ್ರಿ ನಕ್ಕರು. "ಏನಮ್ಮ, ನಮ್ ಮೇಲೆ ನಂಬಿಕೆ ಇಲ್ವಾ?" ಎಂದರು.

"ನಂಬಿಕೆ ಇದೆ ಅಣ್ಣ. ಇಬ್ಬರಿಗೂ ನೆನಪಿರಲಿ ಅಂತ ಬರೀತಿದ್ದೀವಿ" ಎಂದೆವು.

ನಾವು ಬರೆದದ್ದು ಹೀಗೆ:

1. ಹಿತ್ತಿಲಲ್ಲಿರುವ ಹಲಸಿನ ಮರ ಒಂದನ್ನು ಮಾತ್ರ ಕಡಿಯಬೇಕು.
2. ಕೂಲಿ ಒಟ್ಟು 6,000 ರೂಪಾಯಿ. ಮುಂಗಡ 2,000 ರೂಪಾಯಿ. ಉಳಿದ 4,000 ರೂಪಾಯಿ ಕೆಲಸ ಮುಗಿದ ಮೇಲೆ.
3. ದಿಮ್ಮಿ ಮನೆಯವರಿಗೆ. ರೆಂಬೆ, ಸೌದೆ ಮೇಸ್ತ್ರಿಗೆ.
4. ಬೊಡ್ಡೆಯನ್ನು ನೆಲದ ಮಟ್ಟಕ್ಕೆ ಕುಯ್ಯಬೇಕು. ಸೊಪ್ಪು, ಕಸ ತೆಗೆಯಬೇಕು.
5. ಮನೆಗೆ, ಪಕ್ಕದವರ ಗೋಡೆಗೆ ಏಟಾದರೆ ಮೇಸ್ತ್ರಿ ಸರಿ ಮಾಡಿಸಬೇಕು.
6. ಮರ ಹತ್ತುವವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಹತ್ತಬೇಕು.

ಕೆಳಗೆ ತಾರೀಖು ಹಾಕಿದೆವು. ಇಬ್ಬರೂ ಸಹಿ ಮಾಡಿದೆವು. ಪಕ್ಕದ ಮನೆಯವರು ಸಾಕ್ಷಿ ಸಹಿ ಮಾಡಿದರು. ಎರಡು ಪ್ರತಿ ಮಾಡಿ, ಒಂದನ್ನು ಮೇಸ್ತ್ರಿಗೆ ಕೊಟ್ಟೆವು.

ಆರನೆಯ ಮಾತು ಮುಖ್ಯ. ಮರ ಹತ್ತುವವನಿಗೂ ಹೆಂಡತಿ ಮಕ್ಕಳು ಇರುತ್ತಾರೆ. ನಮ್ಮ ಹೆಂಚಿಗಿಂತ ಅವನ ಜೀವ ದೊಡ್ಡದು.

ಕಡಿಯುವ ದಿನ

ಮರದ ಹತ್ತಿರ ಕರೆಂಟಿನ ತಂತಿ ಇದ್ದರೆ ಬಹಳ ಜೋಪಾನ. ಹಸಿ ಕೊಂಬೆ ತಂತಿಗೆ ತಗುಲಿದರೆ ಕೊಂಬೆಯಲ್ಲೂ ಕರೆಂಟು ಹರಿಯುತ್ತೆ. ಮೊದಲೇ ವಿದ್ಯುತ್ ಕಚೇರಿಗೆ ಹೇಳಿ ಲೈನು ಬಂದ್ ಮಾಡಿಸಬೇಕು. ವಿದ್ಯುತ್ ದೂರಿಗೆ 1912 ನಂಬರಿಗೆ ಫೋನ್ ಮಾಡಬಹುದು. ಲೈನ್‌ಮನ್ ಬಂದು ಹೇಳುವ ತನಕ ಯಾರೂ ಮರ ಮುಟ್ಟಬಾರದು.

ಮಕ್ಕಳು, ದನಕರು ದೂರ ಇರಬೇಕು. ಎಷ್ಟು ದೂರ? ಮರದ ಎತ್ತರದ ಎರಡರಷ್ಟು. 40 ಅಡಿ ಮರಕ್ಕೆ 80 ಅಡಿ.

ಮರ ಮನೆ ಪಕ್ಕ ಇದ್ದರೆ ಒಂದೇ ಸಲಕ್ಕೆ ಉರುಳಿಸಬಾರದು. ಮೇಲಿನಿಂದ ಒಂದೊಂದೇ ಕೊಂಬೆ ಕುಯ್ದು, ಹಗ್ಗ ಕಟ್ಟಿ, ನಿಧಾನಕ್ಕೆ ಇಳಿಸಬೇಕು. ನಮ್ಮ ಮೇಸ್ತ್ರಿ ಹಾಗೇ ಮಾಡಿದರು. ಆದರೂ ಒಂದು ಕೊಂಬೆ ತಿರುಗಿ ಸೂರಿಗೆ ಬಡಿಯಿತು. ಆರು ಹೆಂಚು ಒಡೆದವು. ಜಗಳ ಆಗಲಿಲ್ಲ. ಮೇಸ್ತ್ರಿಯೇ ಜೇಬಿನಿಂದ ಕಾಗದ ತೆಗೆದು ಐದನೆಯ ಮಾತು ತೋರಿಸಿದರು. ಸಂಜೆಯೊಳಗೆ ಹೊಸ ಹೆಂಚು ಹಾಕಿಸಿದರು. ಕಸ ತೆಗೆದು ಆದ ಮೇಲೆ ನಾವು 4,000 ರೂಪಾಯಿ ಎಣಿಸಿ ಕೊಟ್ಟು, ಪೂರ್ತಿ ಹಣ ಸಂದಿದೆ ಎಂದು ಬರೆಸಿಕೊಂಡೆವು.

ಕಡಿದ ಮೇಲೆ

ದಿಮ್ಮಿಯನ್ನು ಕೂಡಲೇ ಲಾರಿಗೆ ಹಾಕಬಾರದು. ಎಷ್ಟೋ ಜಾತಿಯ ಮರ ಸಾಗಿಸಲು ಅರಣ್ಯ ಇಲಾಖೆಯ ಪಾಸು ಬೇಕು. ಅದನ್ನು ಕೇಳಿಕೊಂಡೇ ನಾವು ದಿಮ್ಮಿ ಮಾರಿದೆವು.

ಷರತ್ತಿನಂತೆ ಸಸಿಯನ್ನೂ ನೆಟ್ಟೆವು. ಈ ಸಲ ಗೋಡೆಯಿಂದ ದೂರ, ತಂತಿಯಿಂದ ದೂರ ಜಾಗ ನೋಡಿ ನೆಟ್ಟೆವು. ದಿನಾ ಪಾತ್ರೆ ತೊಳೆದ ನೀರು ಅದಕ್ಕೇ ಹೋಗುತ್ತೆ.

ನೋಡಿದಿರಾ, ನಾವು ಓದಿದ್ದು ಒಂದು ಅಪ್ಪಣೆ ಪತ್ರ. ಬರೆದದ್ದು ಒಂದು ಅರ್ಜಿ, ಆರು ಸಾಲಿನ ಒಂದು ಕರಾರು. ಮಾಡಿದ್ದು ಮೂರು ಸಾಲಿನ ಲೆಕ್ಕ. ಇಷ್ಟು ಕಲಿತ ಮೇಲೆ ಮರ ಕಡಿಸೋದಕ್ಕೆ ಮಾತ್ರ ಅಲ್ಲ, ಬಾವಿ ತೋಡಿಸೋದಕ್ಕೆ, ಸೂರು ಹೊದಿಸೋದಕ್ಕೆ, ಗೋಡೆ ಕಟ್ಟಿಸೋದಕ್ಕೆ ಎಲ್ಲಕ್ಕೂ ಹೀಗೇ ಮಾಡಬಹುದು.

ಕೂಡಿ ಮಾತಾಡೋಣ

1. ನಿಮ್ಮ ಊರಲ್ಲಿ ಮನೆ ಮೇಲೆ ವಾಲಿದ ಮರ ಇದೆಯೇ? ಅದನ್ನು ಸವರಿದರೆ ಸಾಕೇ, ಕಡಿಯಬೇಕೇ?
2. ಸುತ್ತಳತೆ 4 ಅಡಿ, ಉದ್ದ 12 ಅಡಿ ಇರುವ ದಿಮ್ಮಿ ಎಷ್ಟು ಘನ ಅಡಿ ಆಗುತ್ತೆ?
3. ನೀವು ಕರಾರು ಬರೆದರೆ ಏಳನೆಯ ಮಾತು ಏನು ಸೇರಿಸುತ್ತೀರಿ?