ಹಳೆ ಡೀಸೆಲ್ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವ ಮುನ್ನ



ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಬೇಸಿಗೆಯೆಂದರೆ ನೀರು ಹೊರುವ ಕಾಲ. ದಾಳಿಂಬದಂತೆ ಹೆದ್ದಾರಿಯ ಮಗ್ಗುಲಿಗಿರುವ ಊರಿಗೂ ಇದು ತಪ್ಪಿದ್ದಲ್ಲ. ಬೋರು ಬತ್ತಿದ ಮೇಲೆ ಹೊಲದಲ್ಲಿ ನೀರು ಹಿಡಿದಿಡಲು ಏನಾದರೂ ಬೇಕು. ಹೊಸದನ್ನು ಕೊಳ್ಳುವ ಶಕ್ತಿ ಇಲ್ಲದಾಗ ಭಂಗಾರದ ಅಂಗಡಿಯ ಮೂಲೆಯಲ್ಲಿ ಬಿದ್ದಿರುವ ಹಳೆ ಉಕ್ಕಿನ ಟ್ಯಾಂಕಿ ಕಣ್ಣಿಗೆ ಬೀಳುತ್ತದೆ. (ಇದು ಮರಾಠಿಯ ಭಂಗಾರ, ನಮ್ಮ ಬಂಗಾರವಲ್ಲ. ಬರಗಾಲದಲ್ಲಿ ಮಾತ್ರ ಎರಡಕ್ಕೂ ಹೆಚ್ಚು ಅಂತರ ಉಳಿಯುವುದಿಲ್ಲ.)

ತುಕ್ಕು ಹಿಡಿದ ಟ್ಯಾಂಕಿಗೆ ತೇಪೆ ಹಾಕಿಸಿದರೆ ಇನ್ನೂ ಎಷ್ಟೋ ವರ್ಷ ಬಾಳುತ್ತದೆ, ನಿಜ. ಆದರೆ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಬೆಲೆಯದಲ್ಲ, "ಇದರಲ್ಲಿ ಮೊದಲು ಏನಿತ್ತು?" ಎಂಬುದು. ಕೀಟನಾಶಕ ಅಥವಾ ರಾಸಾಯನಿಕ ಇದ್ದುದಾದರೆ ಪುಕ್ಕಟೆ ಕೊಟ್ಟರೂ ಬೇಡ. ಮಾರುವವನಿಗೇ ಗೊತ್ತಿಲ್ಲದಿದ್ದರೂ ಬೇಡ. ಡೀಸೆಲ್ ಇದ್ದುದಾದರೆ ಗಿಡಗಳಿಗೆ ನೀರುಣಿಸಲು ಆದೀತು; ಮನುಷ್ಯರಿಗೆ, ದನಕರುಗಳಿಗೆ ಕುಡಿಯಲು ಸಲ್ಲದು.

2016ರ ಏಪ್ರಿಲ್ ತಿಂಗಳಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದದ್ದು ನಿಮಗೆಲ್ಲ ನೆನಪಿರಬಹುದು. ಮೊದಲ ಸಲ ಬಂದದ್ದು 10 ವ್ಯಾಗನ್, ಸುಮಾರು 5 ಲಕ್ಷ ಲೀಟರ್ ನೀರು. ಆ ವ್ಯಾಗನುಗಳನ್ನು ಮೊದಲು ರಾಜಸ್ಥಾನದ ಕೋಟಾದ ರೈಲ್ವೆ ವರ್ಕ್‌ಶಾಪಿನಲ್ಲಿ ಹಬೆಯಿಂದ ತೊಳೆದು, ಆಮೇಲೆಯೇ ನೀರಿಗೆ ಬಳಸಿದರು. ಅಂತಹ ಹಬೆ ಯಂತ್ರ ನಮ್ಮ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಇರುವುದಿಲ್ಲ.

ಖಾಲಿ ಡೀಸೆಲ್ ಟ್ಯಾಂಕಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ ಎಂದರೆ ಹಲವರು ನಂಬುವುದಿಲ್ಲ. ಎಣ್ಣೆ ತಾನಾಗಿ ಸಿಡಿಯುವುದಿಲ್ಲ. ಅದರ ಆವಿ ಗಾಳಿಯೊಡನೆ ಬೆರೆತಾಗ ಕಿಡಿ ತಾಗಿದರೆ ಸಿಡಿಯುತ್ತದೆ. ಖಾಲಿ ಟ್ಯಾಂಕಿಯಲ್ಲಿ ಗಾಳಿಗೆ ಬೇಕಾದಷ್ಟು ಜಾಗವಿದೆ. ತುಕ್ಕಿನ ಪದರದ ಅಡಿಯಲ್ಲಿ, ಜೋಡಣೆಯ ಸಂದಿಯಲ್ಲಿ ಉಳಿದ ಅಂಟು ಡೀಸೆಲ್ ವೆಲ್ಡಿಂಗ್ ಕಾವಿಗೆ ಆವಿಯಾಗುತ್ತದೆ. ಮೂಗಿಗೆ ವಾಸನೆ ಬರಲಿಲ್ಲವೆಂದು ಧೈರ್ಯ ಮಾಡುವಂತಿಲ್ಲ, ಏಕೆಂದರೆ ಆ ಆವಿ ಹುಟ್ಟುವುದೇ ರಾಡು ತಾಗಿದ ಮೇಲೆ.

ಆದುದರಿಂದ ಮೊದಲು ಬಿಸಿನೀರಿಗೆ ವಾಷಿಂಗ್ ಸೋಡಾ ಕಲಸಿ, ಕೈಚೀಲ ಹಾಕಿಕೊಂಡು, ಹಲವು ಸಲ ತೊಳೆಯಬೇಕು. ತೊಳೆದ ನೀರು ಬಾವಿಯ ಹತ್ತಿರ ಹರಿಯಬಾರದು. ಯಾರೂ ಒಳಗೆ ಇಳಿಯಬಾರದು. ಬಹುದಿನ ಮುಚ್ಚಿಟ್ಟ ಉಕ್ಕಿನ ಟ್ಯಾಂಕಿಯಲ್ಲಿ ತುಕ್ಕೇ ಆಮ್ಲಜನಕವನ್ನು ತಿಂದಿರುತ್ತದೆ. ಇಳಿದವನು ಸದ್ದಿಲ್ಲದೆ ಕುಸಿಯುತ್ತಾನೆ, ಎತ್ತಲು ಹೋದವನೂ ಅವನ ಪಕ್ಕದಲ್ಲೇ ಬೀಳುತ್ತಾನೆ. ಗಾಳಿಯಾಡಲೆಂದು ಸಿಲಿಂಡರಿನ ಆಮ್ಲಜನಕವನ್ನು ಒಳಗೆ ಬಿಡುವವರಿದ್ದಾರೆ. ಅದು ಬೆಂಕಿಗೆ ತುಪ್ಪ ಸುರಿದಂತೆ.

ತೊಳೆದ ಮೇಲೂ ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಬೇಡ. ಅದರಲ್ಲಿ ನೀರು ತುಂಬಬೇಕು. ನಿಜವಾದ ಕಷ್ಟ ಶುರುವಾಗುವುದು ಇಲ್ಲಿಯೇ. ತಗಡಿನ ಹಿಂಬದಿಗೆ ನೀರು ತಾಗಿದ್ದರೆ ಕಾವೆಲ್ಲ ನೀರಿಗೆ ಹೋಗಿ ಬೆಸುಗೆ ಕೂರುವುದಿಲ್ಲ. ತೂತುಗಳೋ ಸಾಮಾನ್ಯವಾಗಿ ತಳದಲ್ಲೇ ಇರುತ್ತವೆ. ಹಾಗಾಗಿ ಟ್ಯಾಂಕಿಯನ್ನು ಉರುಳಿಸಿ ತೂತನ್ನು ಮೇಲಕ್ಕೆ ತಂದು, ಎರಡೂ ಕಡೆ ಕಲ್ಲಿನ ಒತ್ತು ಕೊಟ್ಟು, ತೂತಿನಿಂದ ಎರಡು ಇಂಚು ಕೆಳಗಿನವರೆಗೆ ನೀರು ತುಂಬಬೇಕು. ಪ್ರತಿ ತೂತಿಗೂ ಇದೇ ಸರ್ಕಸ್: ನೀರು ಬಿಡು, ಉರುಳಿಸು, ತುಂಬು. 4 ಅಡಿ ಅಗಲ, 8 ಅಡಿ ಉದ್ದದ ದುಂಡು ಟ್ಯಾಂಕಿಗೆ ಸುಮಾರು 2,800 ಲೀಟರ್ ಹಿಡಿಯುತ್ತದೆ. ಏಪ್ರಿಲ್‌ನಲ್ಲಿ ಇಷ್ಟು ನೀರು ಎಲ್ಲಿಂದ ತರುವುದು? ಈ ಕೆಲಸವನ್ನು ಮಳೆಗಾಲದಲ್ಲೇ ಮುಗಿಸಿಕೊಳ್ಳಿರಿ.

ತುಂಬಿದ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೋಡಿ. ಗಟ್ಟಿ ತಗಡು ಗಣ್ಣೆನ್ನುತ್ತದೆ, ಸವೆದ ತಗಡು ಮಂಕಾಗಿ ಸದ್ದು ಮಾಡುತ್ತದೆ. ಮಂಕು ಸದ್ದಿನ ಜಾಗಕ್ಕೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆದು, ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ ತೆಗೆಯಬೇಕು. ತುಕ್ಕಿನ ಮೇಲೇ ರಾಡು ಓಡಿಸಿದರೆ ಬೆರಳಿನ ತೂತು ಮುಷ್ಟಿಯಷ್ಟಾಗುತ್ತದೆ. ತೇಪೆಯ ಮೂಲೆಗಳು ದುಂಡಾಗಿರಲಿ. ಚೂಪು ಮೂಲೆಯಲ್ಲೇ ಮುಂದೆ ಬಿರುಕು ಹುಟ್ಟುವುದು.

ಇನ್ನೊಂದು ಉಪಾಯ. ತೇಪೆಯ ತಗಡಿಗೆ, ಅದು ಇನ್ನೂ ನೆಲದ ಮೇಲಿರುವಾಗಲೇ, ಒಂದು ತೂತು ಕೊರೆದು ಅರ್ಧ ಇಂಚಿನ ಸಾಕೆಟ್ ಬೆಸೆದುಬಿಡಿ. ತೇಪೆ ಪೂರ್ತಿ ಮುಚ್ಚಿಕೊಳ್ಳುವ ಹೊತ್ತಿಗೆ ಒಳಗೆ ಉಳಿದ ಗಾಳಿ ಕಾದು ಹಿಗ್ಗುತ್ತದೆ, ಅದಕ್ಕೆ ಹೊರಹೋಗಲು ದಾರಿ ಬೇಕು. ಮುಂದೆ ಟ್ಯಾಂಕಿಯನ್ನು ಸರಿಯಾಗಿ ಕೂರಿಸಿದಾಗ ಅದೇ ಸಾಕೆಟ್ ತಳದಲ್ಲಿ ಬಂದು ನಲ್ಲಿಗೆ ಆಗುತ್ತದೆ.

ತೆಳು ತಗಡಿಗೆ 2.5 ಮಿ.ಮೀ. ರಾಡು, 60ರಿಂದ 80 ಆಂಪಿಯರ್ ಸಾಕು. ಸುತ್ತಲೂ ಎದುರುಬದುರಾಗಿ ಚುಕ್ಕೆ ಹಾಕಿ, ಆಮೇಲೆ ಇಲ್ಲೊಂದು ಇಂಚು ಅಲ್ಲೊಂದು ಇಂಚು, ಆರಲು ಬಿಟ್ಟು ಬೆಸೆಯಬೇಕು. ಕೂಲಿ ಹೆಚ್ಚಾಗುತ್ತದೆಂದು ವೆಲ್ಡರನ್ನು ಅವಸರಪಡಿಸಬೇಡಿ. ನೆಲ ಒದ್ದೆಯಾಗಿರುವುದರಿಂದ ಅವನ ಕಾಲಿನಡಿ ಒಣ ಹಲಗೆ ಇರಲಿ.

ಜಿ.ಐ. ತಗಡಿನ ಮೇಲಿನ ಸತುವಿನ ಹೊಗೆ ಕುಡಿದರೆ ಕೆಲವು ಗಂಟೆಗಳ ನಂತರ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ತಪ್ಪುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ತೇಪೆಗೆ ಕರಿ ತಗಡನ್ನೇ ಬಳಸಿ, ಬಯಲಿನಲ್ಲಿ ಕೆಲಸ ಮಾಡಿಸಿ. ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ನೋಡುತ್ತ ನಿಲ್ಲುವ ಮಕ್ಕಳಿಗೆ ರಾತ್ರಿ ಕಣ್ಣಲ್ಲಿ ಮರಳು ಹೊಯ್ದಂತೆ ಉರಿ ಬರುತ್ತದೆ. ಆಗ ತಣ್ಣೀರಿನ ಬಟ್ಟೆ ಇಟ್ಟು, ಬೆಳಿಗ್ಗೆ ವೈದ್ಯರಿಗೆ ತೋರಿಸಬೇಕು. ಮನೆಮದ್ದನ್ನು ಕಣ್ಣಿಗೆ ಹಿಂಡಬಾರದು.

ಸೋರಿಕೆ ನೋಡಲು ಕಂಪ್ರೆಸರಿನಿಂದ ಗಾಳಿ ತುಂಬುವವರಿದ್ದಾರೆ. ಹಳೆ ಟ್ಯಾಂಕಿಗೆ ಅದು ತಕ್ಕುದಲ್ಲ, ಒಡೆದರೆ ಬಾಂಬಿನಂತೆ. ನೀರು ತುಂಬಿ ಒಂದು ರಾತ್ರಿ ಬಿಟ್ಟರೆ ಸೋರುವ ಜಾಗ ಬೆಳಿಗ್ಗೆ ತಾನೇ ತೋರುತ್ತದೆ.

ಇದನ್ನು ಟ್ರೇಲರಿನ ಮೇಲೆ ಹೊತ್ತು ತಿರುಗುವುದನ್ನು ನಾವು ಒಪ್ಪುವುದಿಲ್ಲ. ತುಂಬಿದಾಗ ಮೂರು ಟನ್ ತೂಗುತ್ತದೆ. ಒಳಗೆ ಅಡ್ಡ ತಗಡಿಲ್ಲದಿದ್ದರೆ ಅರ್ಧ ತುಂಬಿದ ನೀರು ತಿರುವಿನಲ್ಲಿ ತುಳುಕಿ ಟ್ರೇಲರನ್ನೇ ಮಗುಚುತ್ತದೆ. ಹೊಲದ ಎತ್ತರದ ಬದಿಗೆ ಕಲ್ಲಿನ ಕಟ್ಟೆ ಕಟ್ಟಿ ಅದರ ಮೇಲೆ ಕೂರಿಸಿರಿ. ಟ್ಯಾಂಕರ್ ಬಂದಾಗ ತುಂಬಿಸಿಕೊಂಡರೆ, ಗಿಡಕ್ಕೆ 20 ಲೀಟರಿನಂತೆ 140 ಗಿಡಗಳಿಗೆ ಒಂದು ಸರದಿ ನೀರಾಗುತ್ತದೆ.